ರೋಷನ್ ಮಾಸ್ತರರ ಪಣ

ಯಂತ್ರಕ್ಕೆ ರಾಹುವೂ ಇಲ್ಲ, ಗುಳಿಕನೂ ಇಲ್ಲ ಎಂದು ದೇರೆಬೈಲಿನ ವಿಜ್ಞಾನ ಶಿಕ್ಷಕ ರೋಷನ್ ಮಾಸ್ತರರು ಸಾರಿದ್ದೇ ಆ ಶನಿವಾರದ ಅನರ್ಥಕ್ಕೆ ಮೂಲ. ನೆರೆಮನೆಗಳವರು ಸೇರಿ ಕ್ರಿಪ್ಟೋ ಎಂಬ ಡಿಜಿಟಲ್ ನಾಣ್ಯದ ಒಂದು ಕೂಟ ಕಟ್ಟಿದ್ದರು. ಅದರ ಅಧ್ಯಕ್ಷ ನೋಣಯ್ಯನವರು ಪಂಚಾಂಗ ನೋಡದೆ ಹಲ್ಲನ್ನೂ ಕೀಳಿಸಿಕೊಂಡವರಲ್ಲ. ಕೂಟದ ನಾಣ್ಯಗಳಿದ್ದದ್ದು, ಬರೆದಿಟ್ಟ ಷರತ್ತು ಪೂರೈಸಿದರಷ್ಟೇ ತಾನಾಗಿ ಹಣ ದಾಟಿಸುವ ಹಳೆಯ ಸ್ಮಾರ್ಟ್ ಕಾಂಟ್ರಾಕ್ಟಿನಲ್ಲಿ. ಪಂಚಾಂಗ ಕೇಳದೆ ಮಾಸ್ತರರೇ ಗೊತ್ತುಮಾಡಿದ ಅಪರಾಹ್ನ ಮೂರಕ್ಕೆ ಅವು ಹೊಸ ಕಾಂಟ್ರಾಕ್ಟಿಗೆ ದಾಟಿದರೆ, ಇನ್ನು ಕೂಟದ ಯಾವ ಕೆಲಸಕ್ಕೂ ರಾಹುಕಾಲ ನೋಡಬಾರದೆಂದು ಪಣವಾಯಿತು. ವರ್ಷಗಟ್ಟಲೆ ಮಕ್ಕಳಿಗೆ ಗ್ರಹಣ ಬಿಡಿಸಿ ಹೇಳಿದ ಮಾಸ್ತರರ ಮಾನವೇ ಪಣಕ್ಕೆ ಬಿದ್ದಿತ್ತು.

ಮೂರಕ್ಕೆ ಸರಿಯಾಗಿ ಮಾಸ್ತರರು ತಮ್ಮ ಜಗಲಿಯಲ್ಲಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದರು. ‘ವಿಫಲ’ ಎಂದಿತು ಪರದೆ. ಮತ್ತೆ ಒತ್ತಿದರು. ಹೋಂವರ್ಕ್ ತಾರದ ಹಠಮಾರಿ ಹುಡುಗನಂತೆ ಅದು ಅದೇ ಉತ್ತರ ಕೊಟ್ಟಿತು.

ನಾಣ್ಯ ದಾಟಿಸುವ ಶುಲ್ಕ ಸಾಲದೆಂದರು ಪಕ್ಕದ ಮನೆಯ ಸೆಡ್ರಿಕ್, ಏರಿಸಿದರೂ ಫಲವಿಲ್ಲ. ಲ್ಯಾಪ್‌ಟಾಪು ದಕ್ಷಿಣಕ್ಕೆ ಮುಖ ಮಾಡಿದೆಯೆಂದರು ನೋಣಯ್ಯನವರ ಪತ್ನಿ ಹೇಮಾಕ್ಷಿ. ಮಾಸ್ತರರು ಉಗ್ರವಾಗಿ ಖಂಡಿಸಿದರು; ಆದರೆ ಚಾರ್ಜರ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅದು ಪೂರ್ವಾಭಿಮುಖವಾಗಿತ್ತು.

“ಈಗ ಎಂತ ಹೇಳ್ತೀರಿ, ಮಾಸ್ತರೇ?” ಎಂದರು ನೋಣಯ್ಯ.

“ರಾಹುಕಾಲ ಬೆಳಿಗ್ಗೆಯೇ ಮುಗಿದಿದೆ. ಕಾರಣ ಬೇರೆ ಉಂಟು.”

ಹಳೆಯ ಕಾಂಟ್ರಾಕ್ಟು ಬರೆದವನು ಅವರ ಶಿಷ್ಯ, ಬೆಂಗ್ರೆಯ ಕಮಲೇಶ್. ಮಾಸ್ತರರು ಫೋನು ಮಾಡಿದಾಗ ಅವನು ದೋಣಿಯಲ್ಲಿ ನದಿ ದಾಟುತ್ತಿದ್ದ.

“ಬಯ್ಬೇಡಿ ಸರ್. ರಾಹುಕಾಲದಲ್ಲಿ ನಾಣ್ಯ ಹೋಗದ ಹಾಗೆ ನೋಣಯ್ಯಣ್ಣ ಕಾಂಟ್ರಾಕ್ಟು ಬರೆಸುವಾಗಲೇ ಒಂದು ಷರತ್ತು ಹಾಕಿಸಿದ್ದಾರೆ.”

“ಅದು ಬೆಳಿಗ್ಗೆಯೇ ಕಳೆಯಿತಲ್ಲ ಮಾರಾಯ?”

“ನಮ್ಮದು ಕಳೀತು ಸರ್. ಆದ್ರೆ ಕಾಂಟ್ರಾಕ್ಟಿನ ಗಡಿಯಾರ ಲಂಡನ್ನಿನದ್ದು. ಅಲ್ಲಿ ಈಗ ಬೆಳಿಗ್ಗೆ ಅಲ್ವಾ, ರಾಹುಕಾಲ ನಡೀತಾ ಉಂಟು. ನಮ್ಮ ನಾಲ್ಕು ಗಂಟೆಗೆ ಅದು ಮುಗೀತದೆ, ಆಮೇಲೆ ಒತ್ತಿದ್ರೆ ಹೋಗ್ತದೆ.”

ನೆಟ್‌ವರ್ಕಿನ ತೊಂದರೆಯೆಂದು ಸಾಗಹಾಕಿ ನಾಲ್ಕರವರೆಗೆ ಕುಳಿತಿದ್ದರೆ ಮಾಸ್ತರರು ಸುಲಭವಾಗಿ ಗೆಲ್ಲಬಹುದಿತ್ತು. ಆದರೆ ಸತ್ಯ ಮುಚ್ಚಿಟ್ಟ ಗೆಲುವು ನಕಲು ಹೊಡೆದು ಪಡೆದ ಅಂಕದಂತೆ ಎಂದು ನಂಬಿದವರು ಅವರು. ತಡೆದದ್ದು ಗ್ರಹವಲ್ಲ, ಮನುಷ್ಯನೇ ಯಂತ್ರದೊಳಗೆ ತುರುಕಿದ ಮೂಢನಂಬಿಕೆ ಎಂದು ಎಲ್ಲರೆದುರು ಇದ್ದುದನ್ನು ಇದ್ದ ಹಾಗೆ ವಿವರಿಸಿದರು.

ನಾಲ್ಕು ದಾಟಿತು. ಒತ್ತಿದರು. ನಾಣ್ಯಗಳು ಬೆಣ್ಣೆಯಲ್ಲಿ ಜಾರಿದಂತೆ ಹೊಸ ಕಾಂಟ್ರಾಕ್ಟಿಗೆ ಹೋಗಿ ಬಿದ್ದವು.

ನೋಣಯ್ಯನವರು ಎದ್ದು ಬಂದು ಮಾಸ್ತರರ ಎರಡೂ ಕೈ ಹಿಡಿದುಕೊಂಡರು. “ತಪ್ಪು ನನ್ನದೇ, ಮಾಸ್ತರೇ. ನೀವು ಕಣ್ಣು ತೆರೆಸಿದಿರಿ.”

ಮಾಸ್ತರರ ಎದೆಯುಬ್ಬಿತು.

“ಇಷ್ಟು ದಿನ ನಾನು ನಮ್ಮ ರಾಹುಕಾಲ ಮಾತ್ರ ನೋಡಿದೆ. ಇನ್ನು ಲಂಡನ್ನಿನದ್ದೂ ನೋಡುವ.”

ಕೂಟ ಒಕ್ಕೊರಲಿನಿಂದ ಒಪ್ಪಿತು. ದಿನಕ್ಕೆರಡು ರಾಹುಕಾಲ ಲೆಕ್ಕಹಾಕಿ ಪ್ರತಿ ಮುಂಜಾನೆ ವಾಟ್ಸಾಪಿನಲ್ಲಿ ಹಾಕುವ ಹೊಣೆಯನ್ನು, ಗಡಿಯಾರದ ಗಣಿತ ಬಲ್ಲವರೆಂಬ ಗೌರವದೊಂದಿಗೆ, ರೋಷನ್ ಮಾಸ್ತರರಿಗೇ ವಹಿಸಲಾಯಿತು.