ಸ್ಟಾಪ್‌ವಾಚ್ ಇಟ್ಟುಕೊಂಡು ಹೆಣ್ಣು ನೋಡಲು ಹೋದದ್ದು

ಜೇಬಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ತಿರುಗುವವನು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದು ತಾನಾಗೇ ಬಸ್ಸು ಹತ್ತಿ ಬರುತ್ತದೆ. ಓದು ಬಿಟ್ಟ ನಾನು ಲಾರಿ ಕ್ಲೀನರ್, ಟೆಂಟ್ ಸಿನಿಮಾದ ಗೇಟ್‌ಕೀಪರ್ ಅಂತ ಅಲೆಯುತ್ತಿದ್ದೆ. ನನಗೊಂದು ಮದುವೆಯಾಗಲಿ ಅಂತ ಅವ್ವನ ಆಸೆ. ನನಗೂ ಆಸೆಯೇ.

ಕಡೂರು

ಮೊದಲನೆಯ ಸ್ಟಾಪ್‌ವಾಚ್ ಸಿಕ್ಕಿದ್ದು ಗುಜರಿ ಸಾಹೇಬರ ಅಂಗಡಿಯಲ್ಲಿ. ಒತ್ತಿದರೆ ಮುಳ್ಳು ಓಡುತ್ತೆ, ಮತ್ತೆ ಒತ್ತಿದರೆ ನಿಲ್ಲುತ್ತೆ, ಇನ್ನೊಮ್ಮೆ ಒತ್ತಿದರೆ ಸೊನ್ನೆಗೆ ಹಾರುತ್ತೆ. ಅಂಗೈಯಲ್ಲಿ ಗುಬ್ಬಚ್ಚಿಯ ಎದೆ ಬಡಿದಂತೆ. ಒಂದಿದ್ದದ್ದು ನಾಲ್ಕಾಯಿತು. ಅವ್ವ ನಾಲ್ಕನ್ನೂ ತಿರುಗಿಸಿ ನೋಡಿ, “ಲೇ, ಒಂದ್ರಲ್ಲೂ ಗಂಟೆ ಗೊತ್ತಾಗಲ್ವಲ್ಲೋ. ನಮ್ಮ ಹುಂಜನೇ ವಾಸಿ, ಬೆಳಗಾಗಿದ್ದನ್ನಾದ್ರೂ ಹೇಳುತ್ತೆ” ಅಂದಳು.

ತರೀಕೆರೆ

ಹುಡುಗಿಯ ಅಪ್ಪ ನನ್ನ ಜೇಬಿನ ವಾಚಿನ ಸರಪಳಿ ನೋಡಿ, “ರಾಹುಕಾಲ ಕಳೀತಾ ನೋಡಪ್ಪ, ಹುಡುಗೀನ ಕರೆಸೋಣ” ಅಂದರು.

“ಇದು ಗಂಟೆ ತೋರ್ಸಲ್ಲ ಸ್ವಾಮಿ. ಶುರುವಾಗಿದ್ದು ಯಾವಾಗ ಅಂತ ಹೇಳಿದ್ರೆ, ಎಷ್ಟು ಹೊತ್ತಾಯ್ತು ಅಂತ ಹೇಳುತ್ತೆ.”

“ಅದು ನಂಗೇ ಗೊತ್ತಿದ್ರೆ ನಿನ್ನ ಯಾಕಪ್ಪ ಕೇಳ್ತಿದ್ದೆ?”

ಉಪ್ಪಿಟ್ಟು ಬಂತು. ಹುಡುಗಿ ಬರಲಿಲ್ಲ.

ಎಮ್ಮೆದೊಡ್ಡಿ

ಇಲ್ಲಿನ ಯಜಮಾನರಿಗೆ ತಮ್ಮ ಹೋರಿಯ ಓಟದ ಮೇಲೆ ಹೆಮ್ಮೆ. “ಅಳೆದು ತೋರ್ಸು, ಆಮೇಲೆ ಮದುವೆ ಮಾತು” ಅಂದರು. ದನ ಮೇಯುವ ಕಾವಲಿನ ಆಚೆ ತುದಿಯ ಹುಣಸೆಮರದಡಿ ನಿಂತೆ. ಅವರು ಈಚೆ ತುದಿಯಲ್ಲಿ ಹೋರಿ ಬಿಟ್ಟು ಟವೆಲ್ ಬೀಸಿದರು, ನಾನು ಗುಂಡಿ ಒತ್ತಿದೆ. ಹೋರಿ ನೆಟ್ಟಗೆ ನನ್ನ ಮೇಲೇ ಬಂತು. ವಾಚು ನಿಲ್ಲಿಸುವುದು ಬಿಟ್ಟು ಮರ ಹತ್ತಿದೆ. ಯಜಮಾನರು ನಿಧಾನವಾಗಿ ನಡೆದು ಬಂದು, “ಎಷ್ಟಾಯ್ತು?” ಅಂದರು.

“ಇನ್ನೂ ಆಗ್ತಾ ಇದೆ.”

“ಹೋರಿ ಆಗ್ಲೇ ಬಂದು ಮೇಯ್ತಾ ಇದೆ ಕಣಯ್ಯ. ನೀನು ಇಳಿಯೋದೊಂದೇ ಬಾಕಿ.”

ಅಜ್ಜಂಪುರ

ಇದೂ ತಪ್ಪಿದರೆ ಇನ್ಯಾರೂ ಹೆಣ್ಣು ತೋರಿಸುವುದಿಲ್ಲ, ವಾಚು ಮುಟ್ಟಬೇಡ ಅಂತ ಅವ್ವ ಹೇಳಿದ್ದಳು. ಆದರೂ ಒಂದು ಜೇಬು ಸೇರಿತ್ತು. ಕಾಫಿ ತಂದ ಹುಡುಗಿ “ಅದೇನು?” ಅಂದಳು. ಕೈಗೆ ಕೊಟ್ಟು, ಒತ್ತುವುದನ್ನು ತೋರಿಸಿದೆ.

ಅಷ್ಟರಲ್ಲಿ ಅವಳಪ್ಪ, “ನಮ್ಮ ಮನೆತನ ಅಂದ್ರೆ...” ಅಂತ ಶುರು ಮಾಡಿದರು. ಹುಡುಗಿ ಗುಂಡಿ ಒತ್ತಿದಳು. ಮುತ್ತಾತನ ಗರಡಿ, ಜಮೀನಿನ ವ್ಯಾಜ್ಯ, ಅಮಲ್ದಾರರು ಬಂದು ಮಜ್ಜಿಗೆ ಕುಡಿದದ್ದು, ಎಲ್ಲ ಮುಗಿದ ಮೇಲೆ ಮತ್ತೆ ಒತ್ತಿ, “ಅಪ್ಪಾ, ಅರ್ಧ ಗಂಟೆಗೊಂದು ಸುತ್ತು ಬರೋ ಸಣ್ಣ ಮುಳ್ಳು ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಹೊರಟಿದೆ” ಅಂದಳು.

“ಹೋಗೇ, ಎರಡು ಮಾತಾಡಿದೆ ಅಷ್ಟೆ.”

ಮೂಲೆಯಲ್ಲಿದ್ದ ಅವಳಪ್ಪನ ತಾಯಿ ವಾಚು ಇಸ್ಕೊಂಡು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು.

“ಇವ್ನು ಮಾತು ಕಲಿತಾಗ್ಲಿಂದ ಹೇಳ್ತಿದ್ದೀನಿ, ಶುರು ಮಾಡಿದ್ರೆ ನಿಲ್ಸಲ್ಲ ಅಂತ, ಸಾಕ್ಷಿ ಇರ್ಲಿಲ್ಲ. ಮದುವೆ ಗೊತ್ತು ಮಾಡ್ರೋ. ಹುಡುಗ ಬೇಕಾದ್ರೆ ಊರೂರು ತಿರುಗ್ಲಿ, ಈ ವಾಚು ಮಾತ್ರ ಈ ಮನೇಲೇ ಇರ್ಲಿ.”