ಮಾವ ಫ್ಯಾನು ಆರಿಸಿದ್ದು

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದಾಗ ತಟ್ಟೆಯ ಉಪ್ಪಿಟ್ಟು ಮುಗಿಯುವುದರೊಳಗೆ ಒಪ್ಪಿಬಿಟ್ಟರಂತೆ. ಅದೇ ಮಹಾಶಯರು ಹಳೇ ಪಿಕಪ್ಪಿಗೆ ಒಂದು ರೇಡಿಯೇಟರು, ಒಂದು ಫ್ಯಾನು ಆರಿಸಲು ಮೂರು ವಾರ ತೆಗೆದುಕೊಂಡರು ಎಂದರೆ ನಂಬುತ್ತೀರಾ?

ಹೆಬ್ಬಾಳದಾಚೆಯ ಸಿಂಗಾಪುರದಲ್ಲಿ, ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ಅವರದು ಹೂಗಿಡಗಳ ನರ್ಸರಿ. ಕುಂಡಗಳನ್ನು ಹೇರಿಕೊಂಡು ಹೆಬ್ಬಾಳದ ಫ್ಲೈಓವರ್ ಹತ್ತಿದರೆ ಸಾಕು, ಪಿಕಪ್ಪಿಗೆ ಜ್ವರ! ಅದಕ್ಕೆ ಮಾವನ ಮದ್ದು ಒಂದೇ: ಒಳಗಿನ ಹೀಟರ್ ಹಾಕಿ ಎಂಜಿನ್ನಿನ ಬಿಸಿಯನ್ನು ತಮ್ಮ ಮೇಲೆಳೆದುಕೊಳ್ಳುವುದು. ಏಪ್ರಿಲ್ ತಿಂಗಳಲ್ಲಿ! ಪಕ್ಕದಲ್ಲಿ ಕೂತ ಅತ್ತೆ, “ನಾನೇನ್ ಇಡ್ಲೀನೇನ್ರೀ, ಇಂಗ್ ಬೇಯಿಸ್ತೀರಲ್ಲ?” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಫ್ಲೈಓವರಿನ ನಡುಮಧ್ಯೆ ಹೊಗೆಯಾಡಿ ನಿಂತೇಬಿಟ್ಟಿತು. ಹಿಂದೆ ವಿಮಾನ ಹಿಡಿಯುವವರ ಹಾರ್ನು, ಎದುರಿಗೆ ಪೊಲೀಸಪ್ಪನ ಕೆಂಗಣ್ಣು. ಮಾವ ಗಾಬರಿಯಾಗದೆ ಒಂದು ತುಳಸಿ ಕುಂಡ ಅವರ ಕೈಗಿತ್ತು, “ಇದು ತಣ್ಣಗಾಗೋವರ್ಗೂ ಹಿಡ್ಕೊಂಡಿರಿ ಸಾರ್” ಎಂದರು. ಪಾಪ, ಅವರೂ ಹಿಡಿದುಕೊಂಡು ನಿಂತರು!

ಮೆಕ್ಯಾನಿಕ್ ಮಾತ್ರ ನಗಲಿಲ್ಲ. “ರೇಡಿಯೇಟರ್ ಪೂರ್ತಿ ಕಟ್ಕೊಂಡಿದೆ. ಇನ್ನೊಂದ್ಸಲ ಕುದಿದ್ರೆ ಎಂಜಿನ್ ಹೋಯ್ತು ಗುರು.” ಎಂಜಿನ್ ಹೋದರೆ ನರ್ಸರಿಯೂ ಹೋದಂತೆಯೇ.

ಅಳತೆಗೆಂದು ಹಳೇ ರೇಡಿಯೇಟರನ್ನು ಮಡಿಲಲ್ಲಿಟ್ಟುಕೊಂಡು ಮಾವನೂ ನಾನೂ ಬಸ್ಸಿನಲ್ಲಿ ಯಶವಂತಪುರದ ಬಿಡಿಭಾಗದ ಅಂಗಡಿಗಳಿಗೆ ಹೊರಟೆವು. “ಇದಕ್ಕೆ ಟಿಕೆಟ್?” ಎಂದ ಕಂಡಕ್ಟರಿಗೆ, “ಸೀನಿಯರ್ ಸಿಟಿಜನ್ನು, ಕಮ್ಮಿ ಮಾಡ್ಕೊಳಿ” ಎಂದರು ಮಾವ.

ಎರಡು ವಾರ ಸುತ್ತಿ ತಾಮ್ರದ ರೇಡಿಯೇಟರ್ ಒಪ್ಪಿಗೆಯಾಯಿತು. ಫ್ಯಾನಿಗೆ ಮತ್ತೊಂದು ವಾರ! ಎಂಜಿನ್ ಜೊತೆಯೇ ಭರ್ರೆಂದು ಸುತ್ತುವುದೋ, ಬಿಸಿಯಾದಾಗ ಮಾತ್ರ ತಿರುಗುವ ಕರೆಂಟಿನದೋ? ಅಂಗಡಿಯ ಸಾಹೇಬರಿಂದ ಎರಡನ್ನೂ ಓಡಿಸಿ ಮಾವ ಕಣ್ಮುಚ್ಚಿ ನಿಂತರು. ಒಂದಲ್ಲ, ಮೂರು ಸಲ.

“ಫ್ಯಾನ್ ತಗೋತೀರಾ, ಕಚೇರಿ ಕೇಳ್ತೀರಾ ಭಾಯ್?” ಎಂದರು ಸಾಹೇಬರು.

ಕೊನೆಗೆ ಸದ್ದಿಲ್ಲದ, ದುಬಾರಿ ಫ್ಯಾನೇ ಬಂತು. ಹೊರಗೆ ಬಂದು ನಾನು ರೇಗಿದೆ: “ಎರಡ್ರಲ್ಲೂ ಗಾಳೀನೇ ತಾನೆ ಬರೋದು?”

ಮಾವ ತಲೆ ಎತ್ತಲಿಲ್ಲ. “ನಿಮ್ಮತ್ತೆಗೆ ಬಲಗಿವಿ ಕೇಳಿಸ್ತಿಲ್ಲ ಕಣೋ. ಯಾರ್ಗೂ ಹೇಳಿಲ್ಲ ಅವ್ಳು. ಗಾಡೀಲಿ ನನ್ ಕಡೆಗಿರೋದು ಅದೇ ಕಿವಿ. ಆ ಹಳೇ ಫ್ಯಾನಿನ ಗದ್ದಲದಲ್ಲಿ ನಾನೇನ್ ಅಂದ್ರೂ ಸುಮ್ನೆ ಹೂಂ ಅಂತಾಳೆ. ನನ್ ಹೆಂಡ್ತಿ, ನನ್ ಮಾತಿಗೆ ಹೂಂ ಅನ್ನೋದಾ? ಸಂಕಟ ಆಗುತ್ತೆ ಕಣೋ.”

ಮುಂದಿನ ಭಾನುವಾರ ಸಂಜಯನಗರಕ್ಕೆ ಗಿಡ ಕೊಡಲು ಹೊರಟಾಗ ನಾನು ಹಿಂದೆ ಕುಂಡಗಳ ನಡುವೆ ಕೂತಿದ್ದೆ. ಮಾವ ಮೆಲ್ಲಗೆ ಏನೋ ಕೇಳಿದರು. ನನಗೆ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು.

“ಆಗೋದೇ ಇಲ್ಲ ಕಣ್ರೀ!” ಎಂದು ಜಗಳಕ್ಕೇ ಇಳಿದರು. ಮನುಷ್ಯನೊಬ್ಬ ಅಷ್ಟು ಖುಷಿಯಿಂದ ಬೈಸಿಕೊಂಡಿದ್ದನ್ನು ನಾನು ಇವತ್ತಿನವರೆಗೂ ಮತ್ತೆ ಕಂಡಿಲ್ಲ.