ನಿಂತ ಕಾರಿನಲ್ಲಿ ವಿದೇಶ ಪ್ರವಾಸ

ಇಡೀ ಎಡವಟ್ಟಿಗೆ ಕಾರಣವಾದದ್ದು ಒಂದು ಗೇಣು ದಾರ. ಅದೂ ಹಲ್ಲಿನ ಸಂದಿ ಉಜ್ಜುವ ದಾರ.

ಅವನು ಕೆಲಸ ಮಾಡುತ್ತಿದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಬಂದವರ ಹೆಸರು ಬರೆದುಕೊಂಡು, ಸರದಿ ಕೊಟ್ಟು, ಕುರ್ಚಿ ತೋರಿಸುವುದು ಅವನ ಕೆಲಸ. ಕೆನ್ನೆ ಹಿಡಿದುಕೊಂಡು ಬಂದವರು "ಇನ್ನೆಷ್ಟು ಹೊತ್ತು ಸಾರ್?" ಎಂದರೆ ಅವನ ಬಾಯಲ್ಲಿ ಒಂದೇ ಉತ್ತರ: "ಇನ್ನೇನು, ಹತ್ತು ನಿಮಿಷ." ಒಳಗಿರುವವರ ಹಲ್ಲು ಬರಲಿ, ಬರದೆ ಇರಲಿ, ಡಾಕ್ಟರು ಊಟಕ್ಕೇ ಹೋಗಿರಲಿ, ಉತ್ತರ ಬದಲಾಗುತ್ತಿರಲಿಲ್ಲ. ಹೀಗಾಗಿ ಕ್ಲಿನಿಕ್ಕಿನಲ್ಲೂ ಬೀದಿಯಲ್ಲೂ ಅವನಿಗೆ ‘ಹತ್ತು ನಿಮಿಷ’ ಎಂದೇ ಹೆಸರು ಬಿದ್ದಿತ್ತು. ತಮಾಷೆಯೆಂದರೆ, ಆ ಹತ್ತು ನಿಮಿಷವನ್ನು ಮನಸಾರೆ ನಂಬುತ್ತಿದ್ದವನು ಅವನೊಬ್ಬನೇ.

ಈಗ ಅವನಿಗೆ ಹೆಂಡತಿ ಮತ್ತು ಅತ್ತೆಯ ಜೊತೆ ಒಂದು ವಾರ ಕಡಲಾಚೆಯ ದೇಶಕ್ಕೆ ಹೋಗಿಬರುವ ಯೋಗ ಕೂಡಿಬಂದಿತ್ತು. ಅಲ್ಲಿ ಬಾಡಿಗೆಗೆ ಕಾರು ಹಿಡಿದು ತಾನೇ ಓಡಿಸಬೇಕು ಎನ್ನುವುದು ಅವನ ಬಹುದಿನದ ಆಸೆ. ದಿನವಿಡೀ ಕಂಡವರಿಗೆಲ್ಲ ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಎಂದು ಹೇಳಿ ಹೇಳಿ, ತನ್ನ ಬದುಕೂ ಕ್ಲಿನಿಕ್ಕಿನ ಹೊರಕೋಣೆಯಂತೆಯೇ ಆಗಿಬಿಟ್ಟಿದೆ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು. ಪರಿಚಯವಿಲ್ಲದ ರಸ್ತೆ, ಕೈಯಲ್ಲಿ ಸ್ಟೇರಿಂಗು, ಯಾರೂ ಏನನ್ನೂ ಕೇಳದ ಒಂದಿಷ್ಟು ಮೌನ. ಅಷ್ಟು ಸಿಕ್ಕರೆ ಸಾಕಿತ್ತು.

ಆ ಆಸೆಗೆ ಅಡ್ಡಗಾಲು ಹಾಕಿದವನು ಭಾವಮೈದುನ. ಜನರನ್ನು ಪ್ರವಾಸ ಕರೆದುಕೊಂಡು ಹೋಗುವುದೇ ಅವನ ಕಸುಬು. ಅದೇ ವಾರ ಅದೇ ದೇಶಕ್ಕೆ ಅವನದೊಂದು ತಂಡವೂ ಹೊರಟಿತ್ತು, ಅಲ್ಲಿ ಓಡಾಡಲು ಬಸ್ಸು ಗೊತ್ತಾಗಿತ್ತು. ಅವನು ಹೋದ ಬಸ್ಸಿನಲ್ಲೆಲ್ಲ ಮೈಕು ಇರುತ್ತಿತ್ತು. ಹಿಂದೊಮ್ಮೆ ಅದನ್ನು ಇವನ ಮೂಗಿನ ಕೆಳಗೆ ಹಿಡಿದು "ಈಗ ನಮ್ಮ ಭಾವ ಹಾಡ್ತಾರೆ" ಎಂದಿದ್ದ. ಇವನು ಹಾಡಿಯೂ ಇದ್ದ. ಆ ಹಾಡಿನ ವಿಡಿಯೊ ನೆಂಟರಿಷ್ಟರ ಫೋನುಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಬದುಕಿತ್ತು. ಸತ್ತರೂ ಆ ಬಸ್ಸು ಹತ್ತುವುದಿಲ್ಲ ಎಂದು ಇವನು ಅಂದೇ ತೀರ್ಮಾನಿಸಿದ್ದ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಆ ದೇಶದ ನಕಾಶೆ ಹರಡಿ, ಕ್ಲಿನಿಕ್ಕಿನಿಂದ ತಂದ ದಾರವನ್ನು ಊರಿಂದೂರಿಗೆ ಎಳೆದು ಅಳೆಯುತ್ತ ಕೂತಿದ್ದ. ಹೆಂಡತಿ ಕಾಫಿ ಲೋಟ ಇಡಲು ಜಾಗ ಹುಡುಕಿದಳು.

"ನೋಡೇ, ವಿಮಾನ ಇಳಿದ ತಕ್ಷಣ ಕೋಟೆ ಇರೋ ಊರು. ಅಲ್ಲಿಂದ ಹಾಗೇ ಜಲಪಾತ. ಮಧ್ಯಾಹ್ನ ಸರೋವರ. ಸಂಜೆ ದೀಪಸ್ತಂಭ. ಎಲ್ಲಾ ಅಕ್ಕಪಕ್ಕದ ಮನೆ ಇದ್ದ ಹಾಗಿವೆ."

"ಇದೇನಿದು ಸುರುಳಿ ಸುರುಳಿ?"

"ಬೆಟ್ಟದ ರಸ್ತೆ."

"ಮತ್ತೆ ದಾರ ನೆಟ್ಟಗೆ ಎಳೆದಿದೀರಲ್ಲ. ಬೆಟ್ಟ ಕೊರೆಸ್ತೀರಾ? ಅದನ್ನೂ ಹಲ್ಲು ಅನ್ಕೊಂಡ್ರಾ?"

ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಹೋದ ಸಲ ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡು ಹೋಗಿ ಏನು ತೋರಿಸಿದ್ರಿ?"

"ಸಮುದ್ರ."

"ಕತ್ತಲೆ. ಕತ್ತಲೆ ತೋರಿಸಿ, ಶಬ್ದ ಕೇಳಿಸ್ಕೋ ಅಂದ್ರಿ." ಅವಳು ಲೋಟವನ್ನು ಜಲಪಾತದ ಮೇಲೆಯೇ ಇಟ್ಟಳು. "ನೋಡಿ ರೀ, ಸಂಜೆ ತಮ್ಮ ಬರ್ತಾನೆ. ನಮಗೆ ಅಂತ ಮೂರು ಸೀಟು ಇಟ್ಕೊಂಡಿದಾನೆ. ಅಷ್ಟರಲ್ಲಿ ನಿಮ್ಮ ಪ್ಲಾನು ಆಗೋ ಹೋಗೋ ಪ್ಲಾನು ಅಂತ ಕಾರಲ್ಲಿ ಮಾಡಿ ತೋರಿಸಿ. ವಿಮಾನ ನಿಲ್ದಾಣದಿಂದ ಸರೋವರಕ್ಕೆ ಎಷ್ಟು ಹೊತ್ತೋ ಅಷ್ಟು ಹೊತ್ತು ಅಮ್ಮನ್ನ ಕೂರಿಸ್ಕೊಂಡು ಊರು ಸುತ್ತಿಸಿ. ನನಗೆ ಒಪ್ಪಿಗೆ ಆದ್ರೆ ಕಾರು. ಇಲ್ಲಾಂದ್ರೆ ಬಸ್ಸು."

ಸವಾಲಿಗೆ ಅವನು ಎದ್ದುನಿಂತ. ಆದರೆ ಕಾರು ಏಳಲಿಲ್ಲ. ಮನೆಮುಂದೆ ನಿಂತೇ ಇದ್ದ ಆ ಹಳೆಯ ಕಾರಿನ ಬ್ಯಾಟರಿ ಯಾವಾಗಲೋ ಪ್ರಾಣ ಬಿಟ್ಟಿತ್ತು. ಮೆಕ್ಯಾನಿಕ್ಕಿಗೆ ಫೋನು ಮಾಡಿದ.

"ಹತ್ತು ನಿಮಿಷ ಸಾರ್. ಹೊಸ ಬ್ಯಾಟರಿ ಹಿಡ್ಕೊಂಡು ಬಂದೆ ಅನ್ಕೊಳ್ಳಿ."

ಅವನು ಹಾಗೆಯೇ ಅಂದುಕೊಂಡ. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಚಳಿದೇಶಕ್ಕೆಂದು ಕೊಂಡಿದ್ದ ದಪ್ಪ ಕೋಟು ತೊಟ್ಟು ಬಂದಿದ್ದ ಅತ್ತೆ, ಸುತ್ತಿಟ್ಟ ಹಾಸಿಗೆಯ ಹಾಗೆ ಒಂದು ಮೂಲೆ ಹಿಡಿದರು. ಹೆಂಡತಿ ಮುಂದೆ ಕೂತಳು. ಎಷ್ಟು ಹೊತ್ತಾದರೂ ಮೆಕ್ಯಾನಿಕ್ಕಿನ ಸುಳಿವಿಲ್ಲ. ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು.

"ಕಾರು ಓಡಲೇಬೇಕು ಅಂತೇನಿಲ್ಲವಲ್ಲ. ಅಷ್ಟು ಹೊತ್ತು ಕೂರೋಕಾಗತ್ತಾ ಅನ್ನೋದು ತಾನೇ ಪ್ರಶ್ನೆ? ಇಲ್ಲೇ ಕೂರೋಣ. ಕಾರು ನಿಂತ್ರೂ ಗಡಿಯಾರ ಓಡತ್ತೆ."

ಹೆಂಡತಿ ಅವನ ಮುಖವನ್ನೇ ನೋಡಿದಳು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ ನೋಡಿಯೇಬಿಡೋಣ ಎಂದು ಬೆಲ್ಟು ಹಾಕಿಕೊಂಡಳು.

"ಅಳಿಯಂದ್ರೇ, ಹೊರಟಿತಾ?" ಹಿಂದಿನಿಂದ ಅತ್ತೆ ಕೇಳಿದರು.

"ಹೊರಟಿತು ಅತ್ತೆ."

"ಅಲ್ಲಾಡ್ತಾನೇ ಇಲ್ವಲ್ಲ."

"ಅಲ್ಲಿನ ರಸ್ತೆ ಹಾಗೇ ಅತ್ತೆ. ನುಣ್ಣಗಿರತ್ತೆ."

ಕಾಲ್ಪನಿಕ ವಿಮಾನ ನಿಲ್ದಾಣದ ಗೇಟು ದಾಟುವ ಮೊದಲೇ ಅತ್ತೆಗೆ ಬಚ್ಚಲಿಗೆ ಹೋಗಬೇಕಾಯಿತು. ಇಳಿದು ಮನೆಯೊಳಗೆ ಹೋದವರು ತಂಗಿಗೆ ಫೋನು ಮಾಡಿ, ತಾವು ವಿದೇಶದಲ್ಲಿ ದಾರಿ ಮಧ್ಯೆ ಇರುವುದಾಗಿ ಸವಿಸ್ತಾರವಾಗಿ ತಿಳಿಸಿ, ನಿಧಾನವಾಗಿ ಹಿಂದಿರುಗಿದರು. ಅವನು ಗಡಿಯಾರ ನೋಡಿ, ಜೇಬಿನಿಂದ ಊರುಗಳ ಪಟ್ಟಿ ತೆಗೆದು, ಹೊತ್ತು ಸಾಲದೆಂದು ಕೋಟೆಯ ಊರನ್ನು ಹೊಡೆದುಹಾಕಿದ.

ಅಷ್ಟರಲ್ಲಿ ಮಹಡಿ ಮನೆಯ ಬ್ರೇಕ್ ಇನ್ಸ್‌ಪೆಕ್ಟರು ಕೋಲೂರಿಕೊಂಡು ಇಳಿದು ಬಂದರು. ಲೈಸೆನ್ಸಿಗೆ ಬಂದವರನ್ನು ಪರೀಕ್ಷೆ ಮಾಡಿ ಮಾಡಿ ನಿವೃತ್ತರಾದವರು. ಸ್ವಂತ ಹೆಂಡತಿ ಕೂಡ ಅವರ ಮುಂದೆ ಎಡಬಲ ನೋಡಿಯೇ ಹೆಜ್ಜೆ ಇಡುತ್ತಾರೆ ಎಂದು ಬೀದಿಯಲ್ಲಿ ಮಾತಿತ್ತು.

"ಏನಪ್ಪಾ, ಗಾಡಿ ಕೆಟ್ಟಿದ್ಯಾ?"

"ಇಲ್ಲ ಸಾರ್. ಪ್ರವಾಸದಲ್ಲಿದೀವಿ."

ಇನ್ಸ್‌ಪೆಕ್ಟರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರು. "ಪಕ್ಕದಲ್ಲಿ ತಿಳಿದವರು ಯಾರಾದ್ರೂ ಬೇಡ್ವಾ? ಅಮ್ಮಾ, ನೀವು ಹಿಂದೆ ಹೋಗಿ." ಹೆಂಡತಿ ಹಿಂದೆ ಹೋದಳು. ಅವರು ಮುಂದಿನ ಸೀಟಿನಲ್ಲಿ ಕೂತು, ಕೋಲನ್ನು ಮೊಣಕಾಲ ನಡುವೆ ನೆಟ್ಟರು. "ಕನ್ನಡಿ ನೋಡಲಿಲ್ಲ ನೀನು."

"ಹಿಂದೆ ನಮ್ಮ ಗೇಟು ಬಿಟ್ರೆ ಏನಿಲ್ಲ ಸಾರ್."

"ಗೇಟೇ ಇರಲಿ. ನೋಡಬೇಕು."

ನೋಡಿದ. ಗೇಟು ಇದ್ದಲ್ಲೇ ಇತ್ತು. ಬಿಸಿಲೇರಿತು. ಸೆಖೆ ತಡೆಯದೆ ಅತ್ತೆ ಬಾಗಿಲು ತೆರೆಯಹೋದರೆ, "ಓಡ್ತಿರೋ ಗಾಡಿ ಬಾಗಿಲು ತೆಗೀತಾರಾ ತಾಯಿ?" ಎಂದು ಇನ್ಸ್‌ಪೆಕ್ಟರು ತಡೆದರು.

"ಚಳಿ ದೇಶ ಅಂದಿದ್ರಿ ಅಳಿಯಂದ್ರೇ."

"ಬೆಟ್ಟ ಹತ್ತಿದ ಮೇಲೆ ಚಳಿ ಅತ್ತೆ."

ಬೆಟ್ಟದ ಬುಡದಲ್ಲಿ ಇನ್ಸ್‌ಪೆಕ್ಟರು ಗಾಡಿ ನಿಲ್ಲಿಸಿದರು. ಓಡಿಸುವವನಿಗೆ ವಿಶ್ರಾಂತಿ ಇಲ್ಲದಿದ್ದರೆ ಕಣ್ಣು ಮಂಜಾಗುತ್ತದಂತೆ. ಅವರ ಅಪ್ಪಣೆಯಂತೆ ಅವನು ನಡುಬೀದಿಯಲ್ಲಿ ನಿಂತು ಕೈ ಮೇಲೆತ್ತಿ, ಸೊಂಟ ಬಗ್ಗಿಸಿ, ಕತ್ತು ತಿರುಗಿಸಿದ. ಆ ದಾರಿಯಲ್ಲಿ ಬಂದ ಕ್ಲಿನಿಕ್ಕಿನ ಹಳೆಯ ರೋಗಿಯೊಬ್ಬರು ಇದನ್ನು ಕಂಡು, ಅಂದು ಕಾಯಿಸಿದ್ದಕ್ಕೆ ಈಗ ಸಮಾಧಾನವಾಯಿತು ಎನ್ನುವ ಹಾಗೆ ಬಾಯ್ತುಂಬ ನಕ್ಕು ಹೋದರು. ಜಲಪಾತವನ್ನೂ ಹೊಡೆದುಹಾಕಬೇಕಾಯಿತು.

ಎದುರುಮನೆಯ ಟೈಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಓಡಿಬಂದರು. ಅತ್ತೆಯ ಕೋಟಿನ ತೋಳು ಮೋಟು ಮಾಡಿಕೊಡಲು ಒಪ್ಪಿಕೊಂಡಿದ್ದವರು ಅವರೇ.

"ಅಳತೆ ತಗೊಳ್ಳದೆ ಹೊರಟೇಬಿಟ್ರಾ? ಸ್ವಲ್ಪ ಸರೀರಿ. ಸರೋವರದ ತನಕ ಮಾತ್ರ ಅಣ್ಣಾ, ಆಮೇಲೆ ಇಳಿದುಬಿಡ್ತೀನಿ, ಮನೇಲಿ ಕೆಲಸ ಇದೆ."

ಬೆಟ್ಟದ ಸುರುಳಿ ರಸ್ತೆಯಲ್ಲಿ, ಕಾರು ಒಂದಿಂಚೂ ಅಲುಗದಿದ್ದರೂ, ಒಂದು ಪಿನ್ನು ಅತ್ತೆಗೆ ಚುಚ್ಚಿತು. ಅತ್ತೆಯ ಕೂಗಿಗೆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಇನ್ಸ್‌ಪೆಕ್ಟರು "ಬ್ರೇಕ್" ಎಂದರು. ಅವನು ಬ್ರೇಕು ಒತ್ತಿಯೇಬಿಟ್ಟ. ಒತ್ತಿದ ಮೇಲೆ ತನಗೇ ನಾಚಿಕೆಯಾಗಿ, ದೀಪಸ್ತಂಭವನ್ನು ಹೊಡೆದುಹಾಕಿದ.

ಆಮೇಲೆ ನಿಧಾನವಾಗಿ ಕಾರಿನೊಳಗೆ ಸದ್ದಡಗಿತು. ಅತ್ತೆಯ ಕಣ್ಣು ಮುಚ್ಚಿತು. ಇನ್ಸ್‌ಪೆಕ್ಟರು ಕೋಲಿಗೆ ಗಲ್ಲ ಊರಿ ಗೊರಕೆ ತೆಗೆದರು. ಟೈಲರಮ್ಮನ ಸೂಜಿ ಬಟ್ಟೆಯಲ್ಲಿ ಹೋಗಿಬರುವುದಷ್ಟೇ ಕೇಳುತ್ತಿತ್ತು. ಅವನು ಸ್ಟೇರಿಂಗಿನ ಮೇಲೆ ಕೈಯಿಟ್ಟು ಎದುರಿನ ಕಾಂಪೌಂಡು ಗೋಡೆಯನ್ನು ನೋಡುತ್ತ ಕೂತ. ಬೇಕೆಂದಿದ್ದ ಮೌನ ಸಿಕ್ಕಿತ್ತು, ರಸ್ತೆಯೊಂದು ಇರಲಿಲ್ಲ.

ಹೆಂಡತಿ ಹಿಂದಿನಿಂದ ಮುಂದಕ್ಕೆ ಬಾಗಿ ಅವನ ಸೀಟಿಗೆ ಗಲ್ಲ ಆನಿಸಿದಳು.

"ಆ ಸರೋವರದ ಹತ್ತಿರ ಬೆಂಚು ಇರತ್ತಾ ರೀ?"

"ಇರಬಹುದು."

"ಅಷ್ಟು ಸಾಕು ನನಗೆ. ಒಂದು ಬೆಂಚು. ಬೆಳಕಿರುವಾಗ ಒಂದಿಷ್ಟು ನೀರು." ಸೀಟಿನಿಂದ ಗಲ್ಲ ಎತ್ತದೆ ಹೇಳಿದಳು: "ಹೀಗೆ ಸುಮ್ಮನೆ ಕೂತು ಎಷ್ಟು ವರ್ಷ ಆಯ್ತಲ್ಲ."

ಅವನು ಪಟ್ಟಿ ತೆಗೆದು, ಉಳಿದಿದ್ದ ಊರುಗಳನ್ನೆಲ್ಲ ಒಂದೇ ಗೀಟಿನಲ್ಲಿ ಹೊಡೆದು, ಕೊನೆಗುಳಿದ ಸರೋವರದ ಎದುರು ‘ಐದು ರಾತ್ರಿ’ ಎಂದು ಬರೆದು ಹಿಂದಕ್ಕೆ ಚಾಚಿದ. ಅವಳು ಓದಿದಳು. ಮತ್ತೆ ಓದಿದಳು.

"ಒಪ್ಪಿದೆ," ಎಂದಳು. "ಕಾರಲ್ಲೇ ಹೋಗೋಣ."

ಹೊತ್ತು ಮುಳುಗುವ ಮೊದಲೇ ಕಾರು ಸರೋವರ ತಲುಪಿತು. ಪಕ್ಕದವರು ಅಂಗಳ ತೊಳೆದ ನೀರು ಕಾರಿನ ಮುಂದಿನ ತಗ್ಗಿನಲ್ಲಿ ನಿಂತು ಸಂಜೆ ಬೆಳಕಿಗೆ ಹೊಳೆಯುತ್ತಿತ್ತು. "ಬಂತು," ಎಂದ. ಮಲಗಿದ್ದವರೂ ಎಚ್ಚರಾಗಿ, ಎಲ್ಲರೂ ಇಳಿದು, ಮೈ ಮುರಿದು ಸರೋವರ ನೋಡಿದರು. "ತೇರ್ಗಡೆ," ಎಂದರು ಇನ್ಸ್‌ಪೆಕ್ಟರು. ಅವನಿಗೆ ಗಾಳಿಯಲ್ಲಿ ತೇಲಿದಂತಾಯಿತು.

ಆ ಹೊತ್ತಿಗೆ ಸರಿಯಾಗಿ ಭಾವಮೈದುನ ಬಂದ. ಕಾರಿನ ಸುತ್ತ ಜನ ಕಂಡು ಗಾಬರಿಯಾದವನಿಗೆ ವಿಷಯ ತಿಳಿಸಿ, ಇವನು ಪಟ್ಟಿಯನ್ನು ಗೆದ್ದ ಪದಕದಂತೆ ಅವನ ಕೈಗಿಟ್ಟ.

"ಒಂದೇ ಊರಾ ಭಾವ?"

"ಒಂದೇ. ಇದು ಆಗೋ ಹೋಗೋ ಪ್ಲಾನು ಕಣಯ್ಯಾ. ನಿನ್ನ ಬಸ್ಸಿನ ಹಾಗೆ ಊರೂರು ಅಲೆಯೋದಲ್ಲ."

"ಐದು ರಾತ್ರೀನೂ ಅಲ್ಲೇ. ಮತ್ತೆ ಕಾರು?"

"ಹೋಟೆಲ್ ಮುಂದೆ ನಿಂತಿರತ್ತೆ."

ಭಾವಮೈದುನ ಪಟ್ಟಿ ನೋಡಿದ. ಕಾರು ನೋಡಿದ. "ನಿಲ್ಲಿಸಿಡೋಕೆ ಬಾಡಿಗೆ ಕಾರು ಯಾಕೆ ಭಾವ? ನಿಂತ ಕಾರು ಇಲ್ಲೇ ಒಂದು ಇದ್ಯಲ್ಲ."

ಇವನು ಬಾಯಿ ತೆರೆದ. ಅರಿವಳಿಕೆ ಕೊಟ್ಟ ನಾಲಗೆಯಂತೆ ಮಾತು ಹೊರಳಲೇ ಇಲ್ಲ.

"ನಮ್ಮ ಬಸ್ಸು ಮೊದಲ ದಿನ ಆ ಸರೋವರದ ದಾರೀಲೇ ಹೋಗತ್ತೆ. ನಿಮ್ಮನ್ನ ಅಲ್ಲಿ ಇಳಿಸ್ತೀನಿ. ಕೊನೇ ದಿನ ವಾಪಸ್ ಬರೋವಾಗ ಹತ್ತಿಸ್ಕೋತೀನಿ."

"ನಿನ್ನ ಬಸ್ಸಲ್ಲಿ ಬಚ್ಚಲು ಇದ್ಯೇನೋ?" ಅತ್ತೆ ಕೇಳಿದರು.

"ಇದೆ ಅಮ್ಮ."

ಅಲ್ಲಿಗೆ ತೀರ್ಪಾಯಿತು. ಹೆಂಡತಿ ಗಂಡನ ತೋಳು ಮುಟ್ಟಿ, "ಬೆಂಚಿನ ಮೇಲೆ ಅಂತೂ ನಾವಿಬ್ಬರೇ ರೀ," ಎಂದಳು. ಇನ್ಸ್‌ಪೆಕ್ಟರು ಡ್ರೈವರನ ಪಕ್ಕದ ಸೀಟು ಖಾಲಿಯಿದೆಯೇ ಎಂದು ವಿಚಾರಿಸಿದರು. ಹೇಗಿದ್ದರೂ ದಾರಿ ಪರಿಚಯವಾಗಿದೆ, ತನಗೂ ಒಂದಿರಲಿ ಎಂದರು ಟೈಲರಮ್ಮ.

"ನೀವು ಯೋಚನೆ ಮಾಡ್ಬೇಡಿ ಭಾವ," ಭಾವಮೈದುನ ಬೆನ್ನು ತಟ್ಟಿದ. "ಬಸ್ಸಲ್ಲಿ ಎರಡು ಹಾಡು ಹೇಳೋದರೊಳಗೆ ಸರೋವರ ಬಂದುಬಿಡತ್ತೆ. ಹತ್ತು ನಿಮಿಷದ ಹಾಗೆ."

ಎಲ್ಲರೂ ಮಾತಾಡುತ್ತ ಒಳಗೆ ಹೋದರು. ಅವನು ಮತ್ತೆ ಕಾರಿನೊಳಗೆ ಕೂತ. ಸರೋವರ ಆಗಲೇ ಅರ್ಧ ಇಂಗಿತ್ತು. ಆಗ ಬಗಲಲ್ಲಿ ಬ್ಯಾಟರಿ ಹೊತ್ತು ಮೆಕ್ಯಾನಿಕ್ಕು ಪ್ರತ್ಯಕ್ಷನಾದ.

"ಸ್ವಲ್ಪ ಆಚೀಚೆ ಆಯ್ತು ಸಾರ್. ಎಲ್ಲಿಗಾದ್ರೂ ಹೊರಟಿದ್ರಾ?"

"ಹೋಗಿ ಬಂದ್ವಿ."

ಮೆಕ್ಯಾನಿಕ್ಕು ಬ್ಯಾಟರಿ ಕೂರಿಸಿದ. ಇವನು ಕೀಲಿ ತಿರುಗಿಸಿದ್ದೇ ತಡ, ಎಂಜಿನ್ನು ಮೊದಲ ಯತ್ನದಲ್ಲೇ ಶುರುವಾಯಿತು. ಅವನು ಕನ್ನಡಿ ನೋಡಿದ. ಗೇಟಿನಲ್ಲಿ ಭಾವಮೈದುನ ನಿಂತಿದ್ದ.

"ಭಾವ, ಬನ್ನಿ ಒಳಗೆ. ಬಸ್ಸಲ್ಲಿ ಯಾವ ಹಾಡು ಅಂತ ಈಗಲೇ ಗೊತ್ತು ಮಾಡ್ಕೊಳ್ಳೋಣ. ಎಲ್ಲರೂ ಕಾಯ್ತಿದಾರೆ."

"ಇನ್ನೇನು, ಹತ್ತು ನಿಮಿಷ," ಎಂದ ಅವನು, ಗೇರು ಬದಲಿಸುತ್ತ. ಜೀವಮಾನದಲ್ಲಿ ಮೊದಲ ಸಲ, ಆ ಮಾತನ್ನು ಅವನೂ ನಂಬಲಿಲ್ಲ.